ನೆಟ್ಟಗೆ ನಿಂತ ಗೀರುಗಳು

ಬಾಯಿಗೆ ಬೀಗ ಹಾಕಿಕೊಂಡಿರು ಎಂದರೆ ಕೇಳುವ ಆಸಾಮಿಯಲ್ಲ ನನ್ನ ತಮ್ಮ. ಪೊಲೀಸ್ ಮೇಡಂ ನಮ್ಮ ಬಡಗಿ ಅಂಗಡಿಯೊಳಗೆ ಕಾಲಿಡುತ್ತಿದ್ದಂತೆ, "ಆ ಡಾಕ್ಟ್ರ ಮನೆ ಕಡೆ ನಾನು ಹೋಗೇ ಇಲ್ಲ ಮೇಡಂ" ಎಂದುಬಿಟ್ಟ. ಕೇಳಿದವರು ಯಾರು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನನಗೆ ಅನುಮಾನ ಹತ್ತಿದ್ದು ಆಗಲೇ.

ಮೇಡಂ ಬಂದಿದ್ದು ನನ್ನನ್ನು ಕರೆದೊಯ್ಯಲು. ಹೋದ ವಾರ ಡಾಕ್ಟರ ಬೀರುವಿನಿಂದ ಒಡವೆ ಕಳುವಾಗಿತ್ತು, ಹಾಕಿದ ಬೀಗ ಹಾಕಿದಂತೆಯೇ ಇತ್ತು. ಬಾಗಿಲು ಹೇಗೆ ತೆಗೆದರೆಂದು ಬಡಗಿಯೊಬ್ಬ ನೋಡಿ ಹೇಳಬೇಕಿತ್ತು. ತಿಂಗಳ ಹಿಂದೆ ಬಿದ್ದು ಬಲಗೈ ಮುರಿದುಕೊಂಡಿದ್ದೆ. ಕೈಗೇನಾಯ್ತು, ಕೈಗೇನಾಯ್ತು ಎಂದು ಕಂಡಕಂಡವರೆಲ್ಲ ಕೇಳಿ ತಲೆಚಿಟ್ಟು ಹಿಡಿಸಿದ್ದರು. ಪ್ಲಾಸ್ಟರನ್ನು ಶಾಲಿನೊಳಗೆ ಮುಚ್ಚಿಕೊಂಡೇ ಹೊರಟೆ.

ಬೀರು ನೋಡಿದ ಕೂಡಲೇ ತಿಳಿಯಿತು. ಬಾಗಿಲು ತಿರುಗುವ ಕೀಲಿನ ಸ್ಕ್ರೂ ಬಿಚ್ಚಿ, ಬಾಗಿಲನ್ನು ಸರಿಸಿ, ಕೆಲಸ ಮುಗಿದ ಮೇಲೆ ಕಳ್ಳ ಮತ್ತೆ ಜೋಡಿಸಿದ್ದ. ಪ್ರತಿ ಸ್ಕ್ರೂವಿನ ತಲೆಯ ಗೀರೂ ಮೇಲಿಂದ ಕೆಳಕ್ಕೆ ನೆಟ್ಟಗೆ ನಿಂತಿತ್ತು. ಅದು ನಮ್ಮಪ್ಪ ಕಲಿಸಿದ ಪಾಠ. ಗೀರು ಓರೆಯಾದರೆ ನಮ್ಮಿಬ್ಬರ ಬೆನ್ನಿಗೂ ಏಟು ಬೀಳುತ್ತಿತ್ತು. ಬೇರೆ ಬಡಗಿಗಳು ಇದನ್ನು ಕಂಡು ನಗುತ್ತಾರೆ. ಕದಿಯಲು ಹೋದಾಗಲೂ ಓರೆ ಬಿಡಲು ಮನಸ್ಸು ಬರಲಿಲ್ಲವಲ್ಲ ಅವನಿಗೆ, ದರಿದ್ರದವನು.

"ಯಾರ ಕೈಕೆಲಸ ಇದು, ಗೊತ್ತಾಗತ್ತಾ?" ಎಂದರು ಮೇಡಂ, ನನ್ನ ಕಣ್ಣು ನೆಟ್ಟ ಸ್ಕ್ರೂಗಳನ್ನೇ ನೋಡುತ್ತ.

"ಸ್ಕ್ರೂಡ್ರೈವರ್ ಹಿಡಿಯೋಕೆ ಬರೋ ಯಾರಾದ್ರೂ ಮಾಡ್ಬಹುದು" ಎಂದು ಸುಳ್ಳು ಹೇಳಿದೆ. ಒಡಹುಟ್ಟಿದವನನ್ನು ಜೈಲಿಗೆ ಕಳಿಸಲು ನಾಲಿಗೆ ಹೊರಳಲಿಲ್ಲ.

ಮೇಡಂ ನನ್ನನ್ನು ಅಂಗಡಿಗೆ ತಂದು ಬಿಟ್ಟು, ಕುಡಿಯಲು ನೀರು ಕೇಳಿದರು. ಲೋಟ ಹಿಡಿದುಕೊಂಡೇ ನಮ್ಮ ಹತಾರದ ಬೀರುವಿನ ಮುಂದೆ ಬಗ್ಗಿದರು. ಒಂದೊಂದು ಸ್ಕ್ರೂವಿನ ಮೇಲೂ ಬೆರಳಾಡಿಸಿದರು.

"ಇದನ್ನ ಜೋಡಿಸಿದ್ದು ನಿಮ್ಮಿಬ್ಬರಲ್ಲಿ ಯಾರು?"

"ಅಣ್ಣ" ಎಂದ ತಮ್ಮ, ನನ್ನ ಕಡೆ ನೋಡದೆ. "ಗೀರು ಹೀಗೆ ನೆಟ್ಟಗೆ ನಿಲ್ಸೋದು ಅವನೊಬ್ಬನೇ ಮೇಡಂ. ನಂಗೆ ಬರಲ್ಲ."

ಮೇಡಂ ನನ್ನತ್ತ ತಿರುಗಿದರು. "ಮತ್ತೆ, ಯಾರಾದ್ರೂ ಮಾಡ್ಬಹುದು ಅಂದ್ರಲ್ಲ?"

ಅವನನ್ನು ಉಳಿಸಲು ಹೇಳಿದ ಸುಳ್ಳು ನನ್ನ ಕೊರಳಿಗೇ ಸುತ್ತಿಕೊಂಡಿತ್ತು. ಈಗಲಾದರೂ ನಿಜ ಹೇಳುತ್ತಾನೇನೋ ಎಂದು ತಮ್ಮನನ್ನೇ ನೋಡುತ್ತ ನಿಂತೆ. ಹುಟ್ಟಿದಾಗಿನಿಂದ ಮುಚ್ಚದ ಬಾಯಿ ಆಗ ಮುಚ್ಚಿಕೊಂಡಿತ್ತು.

ಶಾಲು ತೆಗೆದು, ಪ್ಲಾಸ್ಟರಿನ ಕೈಯನ್ನು ಮೇಜಿನ ಮೇಲಿಟ್ಟೆ. ತಮ್ಮನ ಮುಖ ಬಿಳಿಚಿತು. ಗಾಬರಿಯಲ್ಲಿ ಅವನಿಗೆ ಅದೊಂದು ಮರೆತೇಹೋಗಿತ್ತು.

ಮೇಡಂ ಆ ಕೈ ನೋಡಿದರು. ಆಮೇಲೆ ಕೊರಳವರೆಗೂ ಹಾಕಿದ್ದ ನನ್ನ ಅಂಗಿಯ ಗುಂಡಿಗಳನ್ನು ನೋಡಿದರು.

"ಒಂದೇ ಕೈಲಿ ಗುಂಡಿ ಹೇಗೆ ಹಾಕ್ಕೋತೀರಿ?"

"ನಂಗಾಗಲ್ಲ ಮೇಡಂ" ಎಂದೆ. "ತಿಂಗಳಿಂದ ದಿನಾ ಬೆಳಿಗ್ಗೆ ನನ್ನ ತಮ್ಮ ಹಾಕ್ತಾನೆ."