ನಾಲಿಗೆಗೆ ಎರಡು ತಿಂಗಳ ರಜೆ

"ಇದು ನಿನ್ನೆದು, ಇದು ಮೊನ್ನೆದು, ಇದು ಆಚೆ ಮೊನ್ನೆದು. ದಿನಕ್ಕೆ ಐದು ಗುಡ್ಡ. ನಾಲ್ಕಲ್ಲ, ಆರಲ್ಲ," ಎಂದು ನರ್ಸ್ ರೋಹಿಣಿ ತನ್ನ ಫೋನನ್ನು ಚಂದ್ರಶೇಖರಪ್ಪನ ಮೂಗಿನ ಹತ್ತಿರ ಹಿಡಿದಳು. "ಎಂತ ತಿಂತ್ರಿ, ಹೇಳ್ಬಿಡಿ ಮಾರಾಯ್ರೆ."

ಚಂದ್ರಶೇಖರಪ್ಪ ಕಣ್ಣು ಕಿರಿದು ಮಾಡಿ ನೋಡಿದ. ಗೆರೆಯೊಂದು ಏರಿ ಇಳಿದು, ಏರಿ ಇಳಿದು, ಘಟ್ಟದ ಬಸ್ಸಿನಲ್ಲಿ ಕೂತವರ ಹೊಟ್ಟೆಯ ಹಾಗೆ ತೊಳಸುತ್ತಿತ್ತು. ಅವನ ಎಡತೋಳಿಗೆ ನಾಣ್ಯದಷ್ಟು ದೊಡ್ಡ ಬಿಳಿ ಬಿಲ್ಲೆಯೊಂದನ್ನು ಅಂಟಿಸಿ ಹತ್ತು ದಿನವಾಗಿತ್ತು. ಮೈಯೊಳಗಿನ ಸಕ್ಕರೆಯನ್ನು ಹೊತ್ತುಹೊತ್ತಿಗೆ ಅಳೆದು ಫೋನಿಗೆ ಚಾಡಿ ಹೇಳುವುದು ಅದರ ಉದ್ಯೋಗ.

"ದೇವರಾಣಿ ಸಿಸ್ಟರ, ಎರಡ ರೊಟ್ಟಿ, ಪಲ್ಲೆ, ಮಜ್ಜಗಿ. ಚಾದಾಗ ಸಕ್ರಿ ಬಿಟ್ಟು ಎರಡ ವರ್ಷ ಆತು. ಬೇಕಾರ ಇಕಿನ್ನ ಕೇಳ್ರಿ."

ಹೆಂಡತಿ ಗೌರಕ್ಕ ಬಾಗಿಲಲ್ಲೇ ನಿಂತಿದ್ದಳು. ಕಳ್ಳ ಸಿಕ್ಕಿಬಿದ್ದರೆ ತಾನೇ ಹಿಡಿದುಕೊಡುವವಳ ಮುಖವಿತ್ತು ಅವಳದು. ಆದರೂ ಗಂಡ ಹೇಳಿದ್ದು ನಿಜವೆಂದೇ ಸಾಕ್ಷಿ ನುಡಿದಳು. ಮನೆಯಲ್ಲಿ ಸಿಹಿಯ ಡಬ್ಬಿಗಳಿಗೆಲ್ಲ ಅವಳೇ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

ಬೇರೆ ದಿನವಾಗಿದ್ದರೆ ಚಂದ್ರಶೇಖರಪ್ಪ ಇಷ್ಟು ಹೊತ್ತಿಗೆ ಶಿರಸಿಯ ಡಾಕ್ಟರ ಧ್ವನಿ ತೆಗೆದು, ಇಲ್ಲದ ಕನ್ನಡಕವನ್ನು ಹಣೆಗೇರಿಸಿ, ಮೂಗಿನಲ್ಲೇ "ಹಾಂ... ಶುಗರ್ರು... ಹಾಂ..." ಎಂದು ರೋಹಿಣಿಯನ್ನು ನಗಿಸುತ್ತಿದ್ದ. ಕೇಳಿದ ಸದ್ದನ್ನು ಹಾಗೆಯೇ ಮರಳಿಸುವ ಗಂಟಲು ಅವನದು. ಬನವಾಸಿ ಬಸ್ಸಿನ ಬ್ರೇಕು, ಬ್ಯಾಂಕಿನ ಮ್ಯಾನೇಜರನ ಸೀನು, ತನ್ನದೇ ಎಮ್ಮೆ, ಯಾವುದೂ ಅವನಿಂದ ತಪ್ಪಿಸಿಕೊಂಡಿರಲಿಲ್ಲ. ಇವತ್ತು ಯಾರ ಧ್ವನಿಯನ್ನೂ ತೆಗೆಯಲಿಲ್ಲ. ಐದು ಗುಡ್ಡದ ಆಚೆ ಜ್ಯೋತಿ ಇದ್ದಳು.

ಜ್ಯೋತಿ ಒಬ್ಬಳೇ ಮಗಳು. ಯಲ್ಲಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವಳಿಗೆ ಕಳೆದ ಮಳೆಗಾಲದಲ್ಲಿ ಜ್ವರ ಬಂದು, ಬಿಡದೆ, ಕೊನೆಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಗಿತ್ತು. ಮಂಗಳೂರಿನ ಆಸ್ಪತ್ರೆಯಲ್ಲಿ ಔಷಧಿ ಹಾಕಿ ಹಾಕಿ ರೋಗವನ್ನು ಸದ್ಯಕ್ಕೆ ಮಲಗಿಸಿದ್ದರು. ಅದು ಏಳದಂತೆ ಮಾಡಬೇಕಾದರೆ ಬೇರೆಯವರ ಮಜ್ಜೆಯ ಕಣಗಳನ್ನು ಅವಳಿಗೆ ಕೊಡಬೇಕು. ಹಿಂದೆಲ್ಲ ಪೂರ್ತಿ ಹೊಂದುವವರೇ ಸಿಗಬೇಕಿತ್ತಂತೆ. ಈಗ ಸಂಶೋಧನೆ ಮುಂದೆ ಹೋಗಿ ಅಪ್ಪ ಅಮ್ಮನಂತೆ ಅರ್ಧ ಹೊಂದಿದರೂ ಆಗುತ್ತದೆಂದು ಅಲ್ಲಿನ ಡಾಕ್ಟರಮ್ಮ ಹೇಳಿದಾಗ ಚಂದ್ರಶೇಖರಪ್ಪ ಅಂಗಿಯ ತೋಳು ಮಡಚಿಯೇ ಬಿಟ್ಟಿದ್ದ. ಗೌರಕ್ಕನ ಹೃದಯದ ಕವಾಟ ಸರಿಯಿರಲಿಲ್ಲ, ಹಾಗಾಗಿ ಅವಳು ಆಗುವುದಿಲ್ಲ. ಉಳಿದವನು ಅವನೊಬ್ಬನೇ. ಆದರೆ ಅವನ ಮೂರು ತಿಂಗಳ ಸಕ್ಕರೆಯ ಸರಾಸರಿ ಲೆಕ್ಕ ಹತ್ತು ದಾಟಿತ್ತು. ಎರಡು ತಿಂಗಳೊಳಗೆ ಏಳೂವರೆಯ ಕೆಳಗೆ ತಂದರೆ ನಿಮ್ಮನ್ನೇ ತೆಗೆದುಕೊಳ್ಳುತ್ತೇವೆ, ಇಲ್ಲದಿದ್ದರೆ ಹೊರಗಿನವರನ್ನು ಹುಡುಕಬೇಕು, ಅದಕ್ಕೆ ಎಷ್ಟು ದಿನವೋ, ರೋಗ ಅಷ್ಟು ದಿನ ಮಲಗಿರುತ್ತದೋ ಇಲ್ಲವೋ ಎಂದಿದ್ದರು. ಆ ಎರಡು ತಿಂಗಳಲ್ಲಿ ಹತ್ತು ದಿನ ಹೋಗಿತ್ತು.

ರೋಹಿಣಿ ಕಾನಸೂರಿನವಳು. ಹಳ್ಳಿಯ ಸಕ್ಕರೆ ಕಾಯಿಲೆಯವರ ಮೇಲೆ ನಡೆಯುತ್ತಿದ್ದ ಅಧ್ಯಯನವೊಂದರಲ್ಲಿ ನರ್ಸ್. ಇಸಳೂರಿನಲ್ಲಿ ಬಾಡಿಗೆಗಿದ್ದು, ಸ್ಕೂಟರಿನ ಡಿಕ್ಕಿಯಲ್ಲಿ ಬಿಲ್ಲೆಗಳನ್ನು ತುಂಬಿಕೊಂಡು ಊರೂರು ತಿರುಗುತ್ತಿದ್ದಳು. ಅಧ್ಯಯನದವರು ಕೊಟ್ಟ ಫಾರಂನಲ್ಲಿ ನಲವತ್ತೆರಡು ಪ್ರಶ್ನೆಗಳಿದ್ದವು. ಎಲ್ಲಕ್ಕೂ ಚಂದ್ರಶೇಖರಪ್ಪ ಪ್ರಾಮಾಣಿಕವಾಗಿ ಉತ್ತರಿಸಿದ್ದ. ಆದರೂ ಗುಡ್ಡಗಳು. ಅವಳು ಫಾರಂ ಮಡಚಿ ಚೀಲಕ್ಕೆ ಹಾಕಿ, ನಾಳೆ ಬೆಳಗಿನಿಂದ ಸಂಜೆಯವರೆಗೆ ನಿಮ್ಮ ಜೊತೆಗೇ ಇರುತ್ತೇನೆ ಎಂದಳು.

ಮರುದಿನ ಚಂದ್ರಶೇಖರಪ್ಪನ ಆಲೆಮನೆಯಲ್ಲಿ ಅವಳಿಗೊಂದು ಕುರ್ಚಿ ಹಾಕಿದರು. ಚಳಿಗಾಲದ ಮೂರು ತಿಂಗಳು ಊರಿನ ಕಬ್ಬೆಲ್ಲ ಸರದಿಯ ಮೇಲೆ ಬಂದು ಇಲ್ಲೇ ಡಬ್ಬಿಗೆ ತುಂಬುವ, ಪಾಕದಂಥ ಜೋನಿ ಬೆಲ್ಲವಾಗುತ್ತಿತ್ತು. ಆಲೆಮನೆಗೆ ಕಾಲಿಟ್ಟವರನ್ನು ಕಬ್ಬಿನ ಹಾಲು ಕುಡಿಸದೆ ಕಳಿಸುವ ಪದ್ಧತಿಯಿಲ್ಲ, ಹಾಗಾಗಿ ಮೊದಲು ಅವಳ ಕೈಗೊಂದು ದೊಡ್ಡ ಲೋಟ ಬಂತು. ಚಂದ್ರಶೇಖರಪ್ಪ ಮುಟ್ಟಲಿಲ್ಲ. ಅದು ತನಗೆ ವಿಷವೆಂದು ಎಲ್ಲರಿಗೂ ಕೇಳುವಂತೆ ಸಾರಿದ. ಗಾಣದ ಇಂಜಿನ್ ಗುಡುಗುಟ್ಟಿತು. ಅಣ್ಣನ ಮಗ ಪವನ್, ಎರಡು ಮಕ್ಕಳ ತಂದೆ, ಒಲೆಗೆ ಒಣಸಿಪ್ಪೆ ದೂಡುತ್ತಿದ್ದ. ಕೊಪ್ಪರಿಗೆಯಲ್ಲಿ ಹಾಲು ಕುದಿದು, ಬುರುಗು ತೆಗೆದು, ಬಣ್ಣ ಕೆಂಪಾದಾಗ ಚಂದ್ರಶೇಖರಪ್ಪ ಸಟ್ಟುಗದ ತುದಿಯಿಂದ ಬೆರಳಿಗೆ ತೆಗೆದು ನಾಲಿಗೆಗೆ ಹಚ್ಚಿದ. ಕಣ್ಣು ಮುಚ್ಚಿದ. ತಲೆಯಾಡಿಸಿದ. ನಾಲ್ಕು ನಿಮಿಷಕ್ಕೆ ಮತ್ತೆ. ಮತ್ತೆ. ಏಳನೆಯ ಸಲ "ಇಳಸ್ರಿ" ಎಂದ. ನಾಲ್ಕು ಜನ ಹಿಡಿದು ಕೊಪ್ಪರಿಗೆ ಇಳಿಸಿದರು.

ರೋಹಿಣಿ ಅಂಗೈ ಮೇಲೆ ಪೆನ್ನಿನಿಂದ ಏಳು ಗೀಟು ಎಳೆದಿದ್ದಳು. ಎರಡನೆಯ ಕೊಪ್ಪರಿಗೆಗೆ ಆರು. ಮೂರನೆಯದಕ್ಕೆ ಅಂಗೈ ಸಾಲದೆ ಮಣಿಕಟ್ಟಿಗೆ ಇಳಿದಳು. ದಿನಕ್ಕೆ ಐದು ಕೊಪ್ಪರಿಗೆ ಇಳಿಯುತ್ತದೆಂದು ಕೇಳಿ ತಿಳಿದ ಮೇಲೆ ಎದ್ದು ಬಂದು ಆ ಕೈಯನ್ನು ಅವನ ಮುಂದೆ ಚಾಚಿದಳು.

"ಇದು ತಿನ್ನೂದಲ್ರಿ ಸಿಸ್ಟರ," ಎಂದ ಚಂದ್ರಶೇಖರಪ್ಪ, ನಿಜವಾಗಿಯೂ ಅಚ್ಚರಿಯಿಂದ. "ಇದು ಕೆಲಸ."

"ಆ ಬಿಲ್ಲೆಗೆ ಅದು ಗೊತ್ತಿಲ್ಯಲ್ಲ."

ಅವನು ತನ್ನ ಬೆರಳು ನೋಡಿಕೊಂಡ. ನಲವತ್ತು ವರ್ಷ ಆ ಬೆರಳು ನಾಲಿಗೆಗೆ ಹೋಗಿ ಬಂದಿತ್ತು. ಊಟವೆಂದರೆ ತಟ್ಟೆಯ ಮುಂದೆ ಕೂರುವುದು, ತಿನ್ನುವುದೆಂದರೆ ಹಸಿವಿಗೋ ಆಸೆಗೋ ಬಾಯಾಡಿಸುವುದು. ಹದ ನೋಡುವುದು ಈ ಎರಡರಲ್ಲಿ ಯಾವುದೂ ಅಲ್ಲವೆಂದು ಅವನು ಮಾತ್ರವಲ್ಲ, ಇಡೀ ಆಲೆಮನೆ ನಂಬಿತ್ತು. ಬಡಗಿ ಮರ ಮುಟ್ಟಿದರೆ ಮರ ತಿಂದಂತಾಯಿತೇ? ಪವನ್ ಕೂಡ ಸಿಪ್ಪೆ ದೂಡುವುದನ್ನು ಬಿಟ್ಟು ಬಾಯಿ ತೆರೆದು ನಿಂತಿದ್ದ. ಗೌರಕ್ಕ ಸುದ್ದಿ ಕೇಳಿ, ಸೊಂಟದ ಬೀಗದ ಕೈಯನ್ನು ಕಿತ್ತು ಗಂಡನ ಮಡಿಲಿಗೆ ಎಸೆದು ಒಳಗೆ ಹೋದಳು.

ಅಂದಿನಿಂದ ನಾಲಿಗೆಗೆ ರಜೆ. ಹದ ನೋಡುವ ಭಾರ ಪವನ್ ಮೇಲೆ ಬಿತ್ತು. ಮೊದಲ ದಿನ ಅವನು ಬೇಗ ಇಳಿಸಿದ, ಬೆಲ್ಲ ನೀರಾಯಿತು. ಎರಡನೆಯ ದಿನ ಆ ಭಯಕ್ಕೆ ತಡವಾಗಿ ಇಳಿಸಿದ, ಡಬ್ಬಿಯ ತಳದಲ್ಲಿ ಹರಳು ಕಟ್ಟಿತು. ಮೂರನೆಯ ದಿನದ ಸರದಿ ಮಧುಕೇಶ್ವರನದು. ಹೆಸರಿನಲ್ಲಿರುವ ಮಧುವಿಗೂ ಅವನ ಬಾಯಿಗೂ ಹುಟ್ಟಿದಾರಭ್ಯ ಮಾತಿರಲಿಲ್ಲ. ಅವನು ಗಾಡಿಯಿಂದ ಕಬ್ಬು ಇಳಿಸುವ ಮೊದಲೇ ಹೇಳಿಬಿಟ್ಟ: "ಚಂದ್ರಣ್ಣ, ನೀನ ನೋಡೂದಿದ್ರ ಇಳಸ್ತೀನಿ. ಇಲ್ಲಂದ್ರ ಗಾಡಿ ಹಂಗ ಮುಂದ ಹೊಡೀತೀನಿ."

ಒಂದು ಗಾಡಿ ಮುಂದೆ ಹೋದರೆ ಉಳಿದವೂ ಹೋಗುತ್ತವೆ. ಚಂದ್ರಶೇಖರಪ್ಪ ಟವೆಲ್ಲಿನಿಂದ ಬಾಯಿ ಕಟ್ಟಿಕೊಂಡು ಕೊಪ್ಪರಿಗೆಯ ಪಕ್ಕ ನಿಂತ. ಬಣ್ಣ ನೋಡಿದ. ಬಣ್ಣ ಕಬ್ಬಿನಿಂದ ಕಬ್ಬಿಗೆ ಬೇರೆ, ಏನೂ ತಿಳಿಯಲಿಲ್ಲ. ಟವೆಲ್ಲನ್ನು ಒಂದಿಷ್ಟೇ ಕೆಳಗೆ ಸರಿಸಿದ. ಒಂದೇ ಬೆರಳು ಎಂದುಕೊಂಡ. ಅದು ಐದಾಯಿತು. ಮಧುಕೇಶ್ವರನ ಮೊದಲ ಕೊಪ್ಪರಿಗೆ ಚಿನ್ನದಂತೆ ಇಳಿಯಿತು. ಅರ್ಧ ಗಂಟೆಯಲ್ಲಿ ಜೇಬಿನ ಫೋನು ಹೊಡೆದುಕೊಂಡಿತು.

ರೋಹಿಣಿ ಬೈಯಲಿಲ್ಲ. ಸಿದ್ದಾಪುರದಲ್ಲಿದ್ದೇನೆ, ಇಲ್ಲಿಂದಲೇ ಕಾಣುತ್ತಿದೆ ಎಂದಳು. ಆಮೇಲೆ, "ಇವತ್ತು ಒಂದೇ ಗುಡ್ಡ ಅಣ್ಣ. ನಾಳೆ ಎಷ್ಟು?" ಎಂದು ಕೇಳಿ ಇಟ್ಟುಬಿಟ್ಟಳು.

ಅವನು ಮಧುಕೇಶ್ವರನಿಗೆ ಉಳಿದ ಕಬ್ಬನ್ನು ನಾಳೆ ಅರೆಯೋಣವೆಂದು ಹೇಳಿ ಒಲೆ ಆರಿಸಿದ. ಸಂಜೆ ಕಟ್ಟೆಯ ಮೇಲೆ ಕೂತಿದ್ದಾಗ ಜ್ಯೋತಿಯ ಫೋನು ಬಂತು. ದಿನಾ ಬರುತ್ತಿತ್ತು, ದಿನಾ ಅವಳು ಅಪ್ಪನಿಂದ ಒಂದು ಧ್ವನಿ ಕೇಳುತ್ತಿದ್ದಳು. ಬಾಯಿತುಂಬ ಹುಣ್ಣಾದ ದಿನ ಬಸ್ಸಿನ ಬ್ರೇಕು ಕೇಳಿಯೇ ನಕ್ಕಿದ್ದಳು. ಇವತ್ತು ಅವನು ಯಾರ ಧ್ವನಿ ಬೇಕೆಂದು ಕೇಳುವ ಮೊದಲೇ ಅವಳಂದಳು:

"ಅಪ್ಪಾ, ಸಣ್ಣಾಕಿದ್ದಾಗ ಕೊಪ್ಪರಗಿ ಮಾತಾಡೂದು ಮಾಡಿ ತೋರಸ್ತಿದ್ದಿ ನೋಡು. ಅದನ್ನ ಮಾಡು."

ಅವನು ಮಾಡಿದ. ಹಾಲು ಬಿಸಿಯೇರುವಾಗಿನ ಸೊಂಯ್ ಎಂಬ ಸಿಳ್ಳು. ಬುರುಗೆದ್ದಾಗ ಮುನಿದ ಅತ್ತೆಯ ಭುಸ್ ಭುಸ್. ಆಮೇಲೆ ಮದುವೆ ಮನೆಯ ಹರಟೆಯಂತೆ ಗೊಳಗೊಳ. ನೀರು ಹೋಗುತ್ತ ಹೋಗುತ್ತ ಮಾತು ಕಡಿಮೆಯಾಗಿ ಗುಡುಬ್, ಗುಡುಬ್. ಕೊನೆಗೆ ಮುದುಕರು ನಿದ್ದೆಯಲ್ಲಿ ತುಟಿ ಬಿಡುವ ಹಾಗೆ ಪೊಟಕ್... ತಡೆದು, ಪೊಟಕ್... ಇನ್ನೂ ತಡೆದು...

"ಇಳಸ್ರಿ," ಎಂದಳು ಜ್ಯೋತಿ ಆ ಕಡೆಯಿಂದ, ಸರಿಯಾದ ಜಾಗಕ್ಕೆ.

ಚಂದ್ರಶೇಖರಪ್ಪನ ಬಾಯಿ ಪೊಟಕ್ಕಿನಲ್ಲೇ ನಿಂತಿತು. ಮಗಳ ನಾಲಿಗೆಗೆ ಆರು ತಿಂಗಳಿಂದ ರುಚಿಯೇ ಇರಲಿಲ್ಲ. ಇನ್ನೂರೈವತ್ತು ಕಿಲೋಮೀಟರಿನ ಆಚೆ, ಆಸ್ಪತ್ರೆಯ ಮಂಚದ ಮೇಲೆ ಮಲಗಿ, ಬರಿ ಕಿವಿಯಿಂದ ಅವಳು ಹದ ಹೇಳಿದ್ದಳು.

ಮರುದಿನ ಅವನು ಟವೆಲ್ಲನ್ನು ಬಾಯಿಗೆ ಎರಡು ಸುತ್ತು ಬಿಗಿದು, ಇಂಜಿನ್ ನಿಲ್ಲಿಸಲು ಹೇಳಿ, ಕೊಪ್ಪರಿಗೆಗೆ ಕಿವಿಕೊಟ್ಟು ನಿಂತ. ಆಲೆಮನೆ ಆಟ ನೋಡುವವರ ಹಾಗೆ ಸುತ್ತ ಸೇರಿತು. ಮಧುಕೇಶ್ವರ ತನ್ನ ಕಬ್ಬಿನ ಶ್ರಾದ್ಧಕ್ಕೆ ಬಂದವನಂತೆ ಕೈಕಟ್ಟಿದ್ದ. ಗೊಳಗೊಳ ಕಳೆಯಿತು. ಗುಡುಬ್ ಬಂತು. ಪವನ್ ಇಳಿಸಲು ಬಾಗಿದಾಗ ಚಂದ್ರಶೇಖರಪ್ಪ ಕೈ ಅಡ್ಡ ಹಿಡಿದ. ಪೊಟಕ್ ಬಂತು. ಇನ್ನೂ ತಡೆದ. ಎರಡು ಪೊಟಕ್ಕುಗಳ ನಡುವೆ ಒಂದು ಉಸಿರು ಹಿಡಿಸುವಷ್ಟು ಜಾಗವಾದಾಗ ಕೈ ಕೆಳಗೆ ಬೀಸಿದ.

ತಣಿದ ಮೇಲೆ ಮಧುಕೇಶ್ವರ ಬೆರಳಿಗೆ ತೆಗೆದು ನೆಕ್ಕಿದ. ಇನ್ನೊಮ್ಮೆ ನೆಕ್ಕಿದ. ಮೂರನೆಯ ಸಲ ಬೆರಳು ಹೋದದ್ದು ಪರೀಕ್ಷೆಗಲ್ಲವೆಂದು ಎಲ್ಲರಿಗೂ ಗೊತ್ತಾಯಿತು.

"ಇಷ್ಟ ವರ್ಷ ಸುಮ್ಮನ ನಮ್ಮ ಬೆಲ್ಲ ತಿಂದ್ಯಲ್ಲೋ," ಎಂದ.

ಆ ಹಂಗಾಮಿನಲ್ಲಿ ಆಮೇಲೆ ಒಂದು ಡಬ್ಬಿಯೂ ಕೆಡಲಿಲ್ಲ. ಹೆಗಡೆಕಟ್ಟಾದಿಂದಲೂ ಯಾರೋ ಬಂದು ಕಿವಿಯಿಂದ ಬೆಲ್ಲ ಮಾಡುವವನನ್ನು ನೋಡಿ, ಕಬ್ಬಿನ ಹಾಲು ಕುಡಿದು ಹೋದರು. ಚಂದ್ರಶೇಖರಪ್ಪ ಬೆಳಿಗ್ಗೆ ಗದ್ದೆಯ ಬದುವಿನ ಮೇಲೆ ಒಂದು ಗಂಟೆ ನಡೆದ, ಮಾತ್ರೆಗಳನ್ನು ಗೌರಕ್ಕನ ಎದುರೇ ನುಂಗಿದ. ಬಿಲ್ಲೆ ಬದಲಿಸಲು ಬಂದಾಗಲೆಲ್ಲ ರೋಹಿಣಿ ಗೆರೆ ತೋರಿಸುತ್ತಿದ್ದಳು. ಗುಡ್ಡಗಳು ದಿಬ್ಬವಾದವು, ದಿಬ್ಬಗಳು ಬದುವಾದವು. ಅವಳು ಇಡೀ ಕಥೆಯನ್ನು ಬರೆದು ಅಧ್ಯಯನದವರಿಗೆ ಕಳಿಸಿದ್ದಳು. ಮುಂದಿನ ತಿಂಗಳು ಬಂದ ಫಾರಂನಲ್ಲಿ ನಲವತ್ತಮೂರನೆಯ ಪ್ರಶ್ನೆಯೊಂದಿತ್ತು: ನಿಮ್ಮ ಕೆಲಸದಲ್ಲಿ ಏನನ್ನಾದರೂ ನಾಲಿಗೆಗೆ ಹಚ್ಚಿ ನೋಡುತ್ತೀರಾ? ಚಂದ್ರಶೇಖರಪ್ಪ ಅದನ್ನು ಡಾಕ್ಟರ ಮೂಗಿನ ಧ್ವನಿಯಲ್ಲಿ ಊರಿಗೆಲ್ಲ ಓದಿ ಹೇಳಿದ. ಈ ಪ್ರಶ್ನೆಯ ಅಪ್ಪ ತಾನೇ ಎಂದು ಕೊನೆಯಲ್ಲಿ ಸೇರಿಸುವುದನ್ನು ಮರೆಯಲಿಲ್ಲ. ಅಡಿಗೆ ಭಟ್ಟರಲ್ಲಿ, ಮಿಠಾಯಿ ಅಂಗಡಿಯವರಲ್ಲಿ ಎಷ್ಟೋ ಜನ ಅದಕ್ಕೆ ಹೌದು ಎಂದು ಬರೆಯುತ್ತಿದ್ದಾರೆಂದು ರೋಹಿಣಿ ಹೇಳಿದಳು.

ಎರಡು ತಿಂಗಳಿಗೆ ಸರಿಯಾಗಿ ರಕ್ತ ಕೊಟ್ಟು ಬಂದರು. ಫಲಿತಾಂಶ ಬಂದ ದಿನ ರೋಹಿಣಿ ಫೋನು ಮಾಡಲಿಲ್ಲ. ಇಸಳೂರಿನಿಂದ ಸ್ಕೂಟರಿನಲ್ಲಿ ಬಂದು, ಹೆಲ್ಮೆಟ್ ತೆಗೆಯದೆಯೇ ಅಂಗಳದಲ್ಲಿ ನಿಂತು, "ಏಳು ಪಾಯಿಂಟ್ ಒಂದು" ಎಂದಳು. ಗೌರಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಚಂದ್ರಶೇಖರಪ್ಪ ಏನಾದರೂ ಧ್ವನಿ ತೆಗೆಯುತ್ತಾನೆಂದು ಪವನ್ ಕಾದ. ಚಿಕ್ಕಪ್ಪ ಒಳಗೆ ಹೋಗಿ ಒಂದು ದೊಡ್ಡ ಲೋಟ ನೀರು ಕುಡಿದು ಬಂದ.

ಮಂಗಳೂರಿನಲ್ಲಿ, ಮಜ್ಜೆಯ ಕಣಗಳು ರಕ್ತಕ್ಕೆ ಇಳಿಯಲೆಂದು, ಅವನಿಗೆ ಐದು ದಿನ ಚುಚ್ಚುಮದ್ದು ಕೊಟ್ಟರು. ಮೂಳೆಮೂಳೆಯೂ ಗಾಣಕ್ಕೆ ಕೊಟ್ಟಂತೆ ನೋಯುತ್ತಿತ್ತು. ಆರನೆಯ ದಿನ ಎರಡೂ ತೋಳಿಗೆ ಕೊಳವೆ ಹಾಕಿ ಯಂತ್ರವೊಂದರ ಪಕ್ಕ ಮಲಗಿಸಿದರು. ಒಂದು ತೋಳಿನಿಂದ ರಕ್ತ ಹೋಗಿ, ಯಂತ್ರದಲ್ಲಿ ತಿರುಗಿ, ಬೇಕಾದ ಕಣಗಳಷ್ಟನ್ನು ಅಲ್ಲೇ ಬಿಟ್ಟು, ಇನ್ನೊಂದು ತೋಳಿಗೆ ಮರಳುತ್ತಿತ್ತು. ಅಲುಗಾಡುವಂತಿರಲಿಲ್ಲ. ಅವನು ಕಣ್ಣು ಮುಚ್ಚಿ ಯಂತ್ರಕ್ಕೆ ಕಿವಿಕೊಟ್ಟ. ಮೊದಲ ಗಂಟೆಯಲ್ಲೇ ಅದರ ಸರ್ರ್ ಮತ್ತು ಟಿಕ್ಕುಗಳನ್ನು ಕಲಿತು, ಹಾಗೆಯೇ ಮರಳಿಸಿದ. ಯಂತ್ರ ಕೆಟ್ಟಿತೆಂದು ನರ್ಸ್ ಓಡಿಬಂದಳು.

ನಾಲ್ಕು ಗಂಟೆ ಕಳೆದ ಮೇಲೆ ಸರ್ರ್ ಎನ್ನುವುದು ಯಾಕೋ ತೆಳುವಾಯಿತು. ಟಿಕ್ಕಿಗೂ ಟಿಕ್ಕಿಗೂ ನಡುವೆ ಜಾಗ ಹೆಚ್ಚಿತು.

"ಇಳಸ್ರಿ," ಎಂದ ಚಂದ್ರಶೇಖರಪ್ಪ, ಕಣ್ಣು ಬಿಡದೆ.

ನರ್ಸ್ ನಗಬೇಕೆನ್ನುವಷ್ಟರಲ್ಲಿ ಯಂತ್ರ ಪೀಂ ಎಂದಿತು. ಚೀಲವನ್ನು ಬಿಡಿಸಿ ಬೆಳಕಿಗೆ ಹಿಡಿದಳು. ಅಂಗೈ ಅಗಲದ ಚೀಲದಲ್ಲಿ ಹೊಸ ಜೋನಿಯ ಕೆಂಪು ಇತ್ತು. ಎಣಿಕೆ ಬಂದಾಗ ಡಾಕ್ಟರಮ್ಮ ತಾವೇ ಬಂದು ಅವನ ಹೆಗಲು ಮುಟ್ಟಿ, ಬೇಕಾದ್ದಕ್ಕಿಂತ ಹೆಚ್ಚೇ ಸಿಕ್ಕಿದೆ ಎಂದರು. ಮಜ್ಜೆ ಕೊಡುವವರಿಗೆ ಐವತ್ತೆಂಟು ವಯಸ್ಸು ಹೆಚ್ಚೆಂದು ಮೊದಲು ಹೇಳಿದ್ದವರೂ ಅವರೇ.

ಸಂಜೆ ಅವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಜ್ಯೋತಿಯ ಕೋಣೆಯ ಗಾಜಿನ ಹೊರಗೆ ತಂದು ಬಿಟ್ಟರು. ಗೌರಕ್ಕ ಕುರ್ಚಿಯ ಹಿಡಿಕೆ ಹಿಡಿದು ಹಿಂದೆ ನಿಂತಳು. ಒಳಗೆ, ಕೂದಲಿಲ್ಲದ ತಲೆಯನ್ನು ದಿಂಬಿಗೆ ಆನಿಸಿ, ಮಗಳು ಮೇಲೆ ತೂಗುತ್ತಿದ್ದ ಅದೇ ಚೀಲವನ್ನು ನೋಡುತ್ತಿದ್ದಳು. ಗಾಜಿನಿಂದಾಗಿ ಈಚೆ ಏನೂ ಕೇಳುತ್ತಿರಲಿಲ್ಲ. ಕೊಳವೆಯಲ್ಲಿ ಒಂದು ಹನಿ ಬಿತ್ತು. ತಡೆದು ಇನ್ನೊಂದು ಬಿತ್ತು. ಒಂದೊಂದು ಹನಿ ಬಿದ್ದಾಗಲೂ ಅವಳ ತುಟಿಗಳು ಪೊಟಕ್ ಎನ್ನುವ ಹಾಗೆ ಮೆಲ್ಲಗೆ ಕೂಡಿ, ಮೆಲ್ಲಗೆ ಬಿಡುತ್ತಿದ್ದವು.