ನನ್ನ ಕಾಲಡಿಯ ಬ್ರೇಕ್

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಡಿಗೂ ಒಂದು ಬ್ರೇಕ್ ಇರುತ್ತದೆ. ನನ್ನ ಸಂಸಾರ ನಡೆದದ್ದೇ ಆ ಬ್ರೇಕಿನಿಂದ. ಅರ್ಧ ಊರಿಗೆ ಕಾರು ಕಲಿಸಿದವಳು ನಾನು. ನನ್ನ ಮಗಳು ಮಾತ್ರ ಎದುರು ರಸ್ತೆಯ ಇನ್ನೊಂದು ಸ್ಕೂಲಿಗೆ ಹೋಗಿ ಕಲಿತು ಬಂದಳು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಈ ಪರದೇಶದ ಪ್ರವಾಸದಲ್ಲಿ ಬಾಡಿಗೆ ಕಾರು ಅವಳ ಕೈಯಲ್ಲಿ, ನಾನು ಪಕ್ಕದಲ್ಲಿ. ಬೆಟ್ಟ ಹತ್ತುವ ರಸ್ತೆ, ತಿರುವಿನ ಮೇಲೆ ತಿರುವು. ಪ್ರತಿ ತಿರುವಿಗೂ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಕಾಲಡಿಯ ಮ್ಯಾಟು ಮುದ್ದೆಯಾಗಿ ಮೂಲೆ ಸೇರಿತು. ಕೊನೆಗೆ ಅವಳು ಕಾರನ್ನು ಬದಿಗೆ ತಂದು ನಿಲ್ಲಿಸಿದಳು.

"ಅಮ್ಮಾ, ನಾನೇನಾದ್ರೂ ತಪ್ಪು ಮಾಡ್ತಿದ್ದೀನಾ?"

"ಇಲ್ಲ, ಚೆನ್ನಾಗೇ ಓಡಿಸ್ತಿದ್ದೀಯ."

"ಮತ್ತೆ ಯಾಕೆ ಒತ್ತೋದು? ನಿನ್ನ ಕಾಲು ಕಂಡ್ರೆ ನನ್ನ ಕೈ ನಡುಗತ್ತೆ. ವಾಪಸ್ ಹೋಗುವಾಗ ಹಿಂದಿನ ಸೀಟಲ್ಲಿ ಕೂತ್ಕೋ."

ಮಗಳ ಪಕ್ಕದ ಜಾಗವೇ ಕೈತಪ್ಪುತ್ತದಲ್ಲ ಎಂದು ದುಃಖವಾಯಿತು. ಜೊತೆಗೇ ಒಂದು ಕುತೂಹಲವೂ ಹುಟ್ಟಿತು. ನನ್ನದೇ ಕಾಲು ನನ್ನ ಮಾತು ಕೇಳುವುದೇ ಇಲ್ಲವೇ?

ಬೆಟ್ಟದ ತುದಿಯಲ್ಲಿ ಪ್ಯಾರಾಗ್ಲೈಡಿಂಗ್ ಇತ್ತು. ಟಿಕೆಟ್ ತೆಗೆಸಿದ್ದು ಮಗಳಿಗೆ. ನಾನು ಹೋಗುತ್ತೇನೆ ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಬ್ರೇಕಿಲ್ಲದ ಗಾಡಿ ಹೇಗಿರತ್ತೆ ಅಂತ ನೋಡ್ಬೇಕು," ಎಂದೆ.

ಹಾರಿಸುವ ಪೈಲಟ್ ನನಗೆ ಹೆಲ್ಮೆಟ್ ತೊಡಿಸಿ, ಪಟ್ಟಿಗಳನ್ನು ಬಿಗಿದು, ನನ್ನ ಬೆನ್ನಿಗೆ ತನ್ನನ್ನು ಕೊಕ್ಕೆಯಿಂದ ಸಿಕ್ಕಿಸಿಕೊಂಡ. ನಮ್ಮಿಬ್ಬರ ನಡುವೆ ಇದ್ದದ್ದು ಹರಕುಮುರುಕು ಇಂಗ್ಲಿಷು. ಅವನು ಹೇಳಿದ್ದು ಮಾತ್ರ ಚೆನ್ನಾಗಿ ಅರ್ಥವಾಯಿತು. "ಓಡಿ ಅಂದ್ರೆ ಓಡಿ. ನೆಲ ಮುಗಿದ್ರೂ ಓಡ್ತಾನೇ ಇರಿ."

ಓಡಿದೆ. ಹಿಂದೆ ಬಟ್ಟೆಯ ರೆಕ್ಕೆ ಪಟಪಟನೆ ಎದ್ದಿತು. ಇಳಿಜಾರಿನ ಅಂಚು ಕಂಡದ್ದೇ ತಡ, ಬಲಗಾಲು ನೆಲಕ್ಕೆ ಕಚ್ಚಿಕೊಂಡಿತು. ನಾನು ಕುಕ್ಕರಿಸಿದೆ, ನನ್ನ ಮೇಲೆ ಪೈಲಟ್, ಅವನ ಮೇಲೆ ರೆಕ್ಕೆ.

"ಇನ್ನೊಂದೇ ಸಲ," ಎಂದ ಅವನು, ಬಾಯಿಂದ ಹುಲ್ಲು ತೆಗೆಯುತ್ತಾ. "ಮತ್ತೆ ನಿಂತ್ರೆ ಕರ್ಕೊಂಡು ಹೋಗಲ್ಲ. ಇಲ್ಲಿ ನಿಲ್ಲೋದೇ ಅಪಾಯ."

"ಬಿಡಮ್ಮಾ, ನಿನ್ನ ಕೈಲಾಗಲ್ಲ," ಎಂದಳು ಮಗಳು. ಬೈದಿದ್ದರೆ ವಾಸಿಯಿತ್ತು. ಮೆತ್ತಗೆ ಹೇಳಿದಳು.

ಮತ್ತೆ ಎದ್ದು ನಿಂತೆ. ಹೊಸಬರಿಗೆ ನಾನು ದಿನಾ ಬೆಳಿಗ್ಗೆ ಹೇಳುವ ಮಾತನ್ನು ನನಗೇ ಜೋರಾಗಿ ಹೇಳಿಕೊಂಡೆ. "ಕಾಲು ನೋಡ್ಬೇಡ, ರಸ್ತೆ ನೋಡು." ಮುಂದೆ ರಸ್ತೆಯೇನೂ ಇರಲಿಲ್ಲ. ಎದುರು ಬೆಟ್ಟದಲ್ಲಿ ಒಂದು ಕಾಲುದಾರಿ ಕಾಣುತ್ತಿತ್ತು. ಅದನ್ನೇ ನೋಡುತ್ತಾ ಓಡಿದೆ, ಓಡಿದೆ.

"ಸಾಕು, ಕೂತ್ಕೊಳ್ಳಿ," ಹಿಂದಿನಿಂದ ಪೈಲಟ್ ನಗುತ್ತಿದ್ದ. "ನೆಲ ಆಗಲೇ ಮುಗೀತು."

ಕೆಳಗೆ ನೋಡಿದರೆ ಯಾರದೋ ತಾರಸಿಯ ಮೇಲೆ ಒಣಹಾಕಿದ ಹಾಸಿಗೆ ಬಟ್ಟೆ. ನಮ್ಮ ನೆರಳನ್ನು ಅಟ್ಟಿಸಿಕೊಂಡು ಓಡುವ ನಾಯಿ. ಎದೆ ಹೊಡೆದುಕೊಳ್ಳುತ್ತಿತ್ತು, ಆದರೂ ಎಲ್ಲವನ್ನೂ ನೋಡುವ ಆಸೆ. ಅಷ್ಟರಲ್ಲಿ ಪೈಲಟ್ ಎರಡು ಹಿಡಿಗಳನ್ನು ನನ್ನ ಕೈಗಿತ್ತ.

"ಇವೇ ಬ್ರೇಕು."

ಇಲ್ಲೂ ಇದೆಯಲ್ಲ! ಹಳೆಯ ನೆಂಟರು ಸಿಕ್ಕ ಹಾಗಾಯಿತು. ಗಟ್ಟಿಯಾಗಿ ಜಗ್ಗಿದೆ. ಅವನು ಥಟ್ಟನೆ ನನ್ನ ಕೈ ಹಿಡಿದ.

"ಅಷ್ಟಲ್ಲ. ಪೂರ್ತಿ ಎಳೆದ್ರೆ ಬೀಳ್ತೀವಿ."

"ಬ್ರೇಕ್ ಹಾಕಿದ್ರೆ ಬೀಳೋದಾ?"

"ಮುಂದೆ ಹೋಗ್ತಾ ಇದ್ರೇನೇ ಇದು ಹಾರೋದು."

ನನಗೆ ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಕೇಳಿದೆ. ಅವನು ಅದನ್ನೇ ಹೇಳಿದ. ಇಳಿಯುವವರೆಗೂ ಆ ಹಿಡಿಗಳನ್ನು ಮೊಟ್ಟೆ ಹಿಡಿದ ಹಾಗೆ ಹಿಡಿದಿದ್ದೆ.

ಕಣಿವೆಗೆ ಮಗಳು ಕಾರು ತಂದಿದ್ದಳು. ನನ್ನ ಕೈಚೀಲ ಆಗಲೇ ಹಿಂದಿನ ಸೀಟಿಗೆ ಹೋಗಿತ್ತು. ಅದನ್ನು ಎತ್ತಿಕೊಂಡು ಬಂದು ಮುಂದೆಯೇ ಕೂತೆ. ಅವಳು ಕಾರು ಸ್ಟಾರ್ಟ್ ಮಾಡಿದಳು.

ಮೊದಲ ತಿರುವು ಬಂತು. ಬಲಗಾಲು ಎದ್ದಿತು. ಚಪ್ಪಲಿ ಬಿಟ್ಟು, ಎರಡೂ ಕಾಲನ್ನು ಸೀಟಿನ ಮೇಲೆಳೆದುಕೊಂಡು ಚಕ್ಕಳಮಕ್ಕಳ ಹಾಕಿದೆ.

"ಇದೇನಮ್ಮಾ, ಊಟಕ್ಕೆ ಕೂತ ಹಾಗೆ?"

"ಕಾಲಿಗೆ ರಜ ಕೊಟ್ಟಿದ್ದೀನಿ. ನೀನು ರಸ್ತೆ ನೋಡು."

ತಿರುವು ದಾಟಿತು. ಇನ್ನೊಂದೂ ದಾಟಿತು. ಅವಳ ಕೈ ನಡುಗಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, ರಸ್ತೆಯಿಂದ ಕಣ್ಣು ಕೀಳದೆ ಕೇಳಿದಳು:

"ಅಮ್ಮಾ, ಆ ತಿರುವು ಸರಿಯಾಗಿ ತಗೊಂಡ್ನಾ?"

ಎದುರು ರಸ್ತೆಯ ಸ್ಕೂಲಿಗೆ ಹೋದ ಮೇಲೆ ಅವಳು ನನ್ನ ಹತ್ತಿರ ಕೇಳಿದ ಮೊದಲ ಪಾಠ ಅದು.