ರೇಡಿಯೋ ಮಾಮನ ಚೀಲದಲ್ಲಿದ್ದ ಟೈಮರ್

ಬೆಳಿಗ್ಗೆ ಏಳೂವರೆಗೆ ಬಸ್ ನಿಲ್ದಾಣದ ತಪಾಸಣೆಯಲ್ಲಿ ಪೊಲೀಸರು ರೇಡಿಯೋ ಮಾಮನನ್ನು ಹಿಡಿದರು. ಅವರ ಕೈಚೀಲದಲ್ಲಿ ಟಿಕ್‌ಟಿಕ್ ಎನ್ನುವ ಟೈಮರ್, ಅದಕ್ಕೆ ತಂತಿಯಿಂದ ಜೋಡಿಸಿದ ಬ್ಯಾಟರಿ ಮತ್ತು ಒಂದು ಪುಟ್ಟ ಬಲ್ಬು ಇದ್ದವು. ಕೆಲವು ತಿಂಗಳ ಹಿಂದೆ ಇದೇ ನಿಲ್ದಾಣದಲ್ಲಿ ಬಾಂಬು ಸಿಡಿದು ಜನ ಸತ್ತಿದ್ದರು. ಭಯೋತ್ಪಾದನೆ ತಡೆ ಕಾನೂನಿನಡಿ ಮಾಮನನ್ನು ಕರೆದೊಯ್ದರು.

ಸುದ್ದಿ ಮಾಮನ ಬೀದಿಗೆ ಬಂದಾಗ ಟೈಲರ್ ಅಕ್ಕನ ಕಾಲು ಹೊಲಿಗೆ ಯಂತ್ರದ ಪೆಡಲಿನ ಮೇಲೆಯೇ ನಿಂತುಹೋಯಿತು. ಆ ಟೈಮರ್ ಅವಳ ಮನೆಯ ಬಟ್ಟೆ ಒಗೆಯುವ ಯಂತ್ರದ್ದು. ಬೀದಿಯ ರಿಪೇರಿ ಅಂಗಡಿಯ ಮಾಮ ಇಡೀ ಯಂತ್ರ ಹೊತ್ತೊಯ್ಯುವವರಲ್ಲ. ಕೆಟ್ಟ ಭಾಗವನ್ನಷ್ಟೇ ಬಿಚ್ಚಿ, ಬಲ್ಬು ಬ್ಯಾಟರಿ ಕಟ್ಟಿ, ಹೋದಲ್ಲೆಲ್ಲ ಒಯ್ಯುವವರು. ಗುಂಡಿ ತಿರುಗಿಸಿದಾಗ ಬಲ್ಬು ಹೊತ್ತಿ, ಸಮಯ ಮುಗಿದಾಗ ಆರಿದರೆ ರಿಪೇರಿ ಆಯಿತೆಂದು ಅರ್ಥ.

ಠಾಣೆಗೆ ಹೋಗಿ ಹೇಳಬಹುದಿತ್ತು. ಆದರೆ ಆ ಸ್ಫೋಟದಲ್ಲಿ ಸತ್ತವರಲ್ಲಿ ಅವಳ ತಮ್ಮನೂ ಒಬ್ಬ. ಗಂಡ ಬೇರೆ, ಹುತ್ತಕ್ಕೆ ಕೈ ಹಾಕಬೇಡ, ನಾಳೆ ನಮ್ಮನ್ನೂ ಒಳಗೆ ಹಾಕಿಯಾರು ಎಂದ.

ಕೈ ಬಟ್ಟೆ ಹಿಡಿದಿದ್ದರೂ ಮನಸ್ಸು ಹಳೆಯ ಸಂಜೆಗಳತ್ತ ಹರಿಯಿತು. ಬೀದಿಗೆಲ್ಲ ಒಂದೇ ರೇಡಿಯೋ ಇದ್ದ ಕಾಲ. ಮಾಮ ಅದನ್ನು ಅಂಗಡಿಯ ಕಿಟಕಿಯಲ್ಲಿಡುತ್ತಿದ್ದರು. ಅವಳ ತಮ್ಮ ಅಂಗಡಿಯ ಮಾಡಿನ ಮೇಲೆ ಹತ್ತಿ ಏರಿಯಲ್ ತಂತಿ ಹಿಡಿದು, ಈಗ ಕೇಳ್ತಾ ಎಂದು ಕೂಗುತ್ತಿದ್ದ. ಇನ್ನೂ ಸ್ವಲ್ಪ ಎಡಕ್ಕೆ ಎಂದು ಇಡೀ ಬೀದಿ ಕೂಗುತ್ತಿತ್ತು. ಹಾಡು ಸಿಕ್ಕ ಮೇಲೂ, ಕೈ ಬಿಟ್ಟರೆ ಹೋದೀತೆಂದು ಅವನು ಅಲ್ಲೇ ನಿಂತಿರುತ್ತಿದ್ದ. ಮಾಮ ಅವನಿಗೆ ಏಣಿ ಹತ್ತಿ ಚಹಾ ಕೊಟ್ಟುಬರುತ್ತಿದ್ದರು.

ಮಧ್ಯಾಹ್ನ ಪಕ್ಕದ ಮನೆಯ ವಕೀಲಮ್ಮ, ಠಾಣೆಯಲ್ಲಿ ಮಾಮನನ್ನು ಕಂಡು ಮಾತಾಡಿಸಿ, ನೇರ ಅಕ್ಕನ ಬಳಿ ಬಂದು, ಟೈಮರ್ ಯಾರದೆಂದು ಮಾಮ ಪೊಲೀಸರಿಗೆ ಹೇಳುತ್ತಿಲ್ಲ, ನೀನೇ ಬಂದು ಹೇಳು ಎಂದರು.

"ಹಿಡಿದಿದ್ದಾರೆ ಅಂದ್ಮೇಲೆ ಏನೋ ಇರ್ಬೇಕು ಬಿಡಿ," ಎಂದಳು ಅಕ್ಕ ತಲೆ ಎತ್ತದೆ. "ಟೈಮರ್ ನಂದೇ ಇರ್ಬಹುದು. ಮನಸ್ಸಿನೊಳಗೆ ಏನಿದೆ ಅಂತ ಯಾರು ಬಲ್ಲರು? ಇಂಥೋರಿಗೂ ಹಕ್ಕು ಗಿಕ್ಕು ಅಂತೀರಲ್ಲ, ನನ್ನ ತಮ್ಮನಿಗೆ ಎಲ್ಲಿತ್ತು ಹಕ್ಕು?"

"ಅವನಿಗೂ ಇತ್ತು ಕಣಮ್ಮ, ಬದುಕೋ ಹಕ್ಕು. ಅದನ್ನ ಕಾಯೋಕೇ ಈ ಕಾನೂನು ಬೇಕು. ಚೀಲ ನೋಡಿದ್ದು ಸರಿ, ಹಿಡಿದು ಕೇಳಿದ್ದೂ ಸರಿ. ಆದ್ರೆ ಯಾಕೆ ಹಿಡಿದ್ರಿ ಅಂತ ಹೇಳ್ಬೇಕು, ಮನೆಯವರಿಗೆ ತಿಳಿಸ್ಬೇಕು, ವಕೀಲರನ್ನ ಕಾಣೋಕೆ ಬಿಡ್ಬೇಕು, ಜಡ್ಜ್ ಮುಂದೆ ನಿಲ್ಲಿಸ್ಬೇಕು. ಹೊಡೆದು ಒಪ್ಪಿಸೋ ಹಾಗಿಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಾರಾ? ಮಾಮನ್ನ ಒಳಗಿಟ್ಟು ಕೇಸು ಮುಗೀತು ಅಂದ್ರೆ, ನಿನ್ನ ತಮ್ಮನ್ನ ಕೊಂದೋನು ಹೊರಗೇ ಉಳೀತಾನೆ."

ಅಕ್ಕ ಬಟ್ಟೆಯನ್ನು ಹೊಲಿಗೆ ಯಂತ್ರದಿಂದ ಬಿಡಿಸಿ ಪಕ್ಕಕ್ಕಿಟ್ಟಳು. "ಮಾಮ ಯಾಕೆ ನನ್ನ ಹೆಸರು ಹೇಳ್ಲಿಲ್ಲ?"

"ನಾನೂ ಕೇಳ್ದೆ. ಆ ಮನೇಲಿ ಸಾವಾಗಿ ಇನ್ನೂ ವರ್ಷ ತುಂಬಿಲ್ಲ, ಅಲ್ಲಿಗೆ ಪೊಲೀಸರನ್ನ ಕಳಿಸಲ್ಲ ಅಂದ್ರು. ಅದಕ್ಕೇ ಅನುಮಾನ ಇನ್ನೂ ಜಾಸ್ತಿಯಾಗಿದೆ."

ಅಕ್ಕ ಎದ್ದು ಚಪ್ಪಲಿ ಮೆಟ್ಟಿದಳು. ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಗಂಡ ಒಳಗೆ ಹೋಗಿ ಒಗೆಯುವ ಯಂತ್ರದಲ್ಲಿ ಟೈಮರ್ ಕೂರುತ್ತಿದ್ದ ಮುಂಭಾಗದ ಹಲಗೆಯನ್ನು ಬಿಚ್ಚಿ ತಂದ. ಮಾಮನನ್ನು ಹಾಜರುಪಡಿಸಿದ್ದ ನ್ಯಾಯಾಲಯಕ್ಕೆ ಮೂವರೂ ಹೋದರು. ಅಕ್ಕನ ಹೇಳಿಕೆ ಕೇಳಿ, ಟೈಮರನ್ನು ಆ ಹಲಗೆಗೆ ಕೂರಿಸಿ ನೋಡಿದ ನ್ಯಾಯಾಧೀಶರು ಸಂಜೆಯೇ ಮಾಮನನ್ನು ಬಿಡುವಂತೆ ಆದೇಶಿಸಿದರು.

ಬಂಧುಗಳೇ, ತಪಾಸಣೆಗೆ ಸಹಕರಿಸಿ. ಅನುಮಾನದ ವಸ್ತು ಕಂಡರೆ ತಿಳಿಸಿ. ಆದರೆ ಹಿಡಿದ ಮಾತ್ರಕ್ಕೆ ಯಾರನ್ನೂ ಅಪರಾಧಿ ಅನ್ನಬೇಡಿ. ನಿಮಗೆ ಗೊತ್ತಿರುವ ಸತ್ಯವನ್ನು, ಅದು ಯಾರ ಪರವಾಗಿದ್ದರೂ, ಹೋಗಿ ಹೇಳಿ. ನಿಮ್ಮವರನ್ನು ಹಿಡಿದರೆ ಕಾರಣ ಕೇಳಿ, ವಕೀಲರನ್ನು ಕರೆಸಿ.

ಮರುವಾರ ಸ್ಫೋಟದ ತನಿಖಾಧಿಕಾರಿ ಆ ಬೀದಿಗೆ ಬಂದರು. ಸ್ಫೋಟದ ದಿನ ನಿಲ್ದಾಣದಲ್ಲಿದ್ದರೂ ಭಯದಿಂದ ಬಾಯಿ ಬಿಡದಿದ್ದ ಬೀದಿಯ ಇಬ್ಬರು, ಅಕ್ಕನನ್ನು ನೋಡಿ ಧೈರ್ಯ ತಂದುಕೊಂಡು, ತಾವು ಕಂಡದ್ದನ್ನು ಮೊದಲ ಬಾರಿಗೆ ಹೇಳಿದರು.